ವಾಹನಗಳ ನಡುವೆ ನಿಸ್ತಂತು ಮಾತುಕತೆ

ಧರ್ಮಪುರಿಯಿಂದ ಸೇಲಂಗೆ ಹೋಗಿಬರುವ ನಮ್ಮ ಸದಸ್ಯ ಬಾಂಧವರಿಗೆಲ್ಲ ತೊಪ್ಪೂರು ಕಣಿವೆಯ ಪರಿಚಯವಿದೆ. ಹಿಂದೆ 7ನೇ ಸಂಖ್ಯೆಯದಾಗಿದ್ದು ಈಗ 44 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಅಲ್ಲಿ ಗುಡ್ಡದ ಮಗ್ಗುಲಲ್ಲಿ ತಿರುಗುತ್ತ ಇಳಿಯುತ್ತದೆ. 2020ರ ಡಿಸೆಂಬರ್ 12ರಂದು ಸಿಮೆಂಟು ಹೇರಿದ್ದ ಲಾರಿಯೊಂದು ಆ ಇಳಿಜಾರಿನಲ್ಲಿ ಹತ್ತಕ್ಕೂ ಹೆಚ್ಚು ವಾಹನಗಳಿಗೆ ಡಿಕ್ಕಿ ಹೊಡೆದು ನಾಲ್ವರು ಸತ್ತರು. 2024ರ ಜನವರಿ 24ರಂದು ಅದೇ ಕಣಿವೆಯ ಅಪಘಾತದಲ್ಲಿ ಮತ್ತೆ ನಾಲ್ವರು ಹೋದರು. ಮುಂದೆ ವಾಹನಗಳು ನಿಂತಿವೆ ಎಂಬ ಸುದ್ದಿಯನ್ನು ಕಣ್ಣಿಗೆ ಕಾಣುವ ಮೊದಲೇ ಹಿಂದಿನ ಚಾಲಕನಿಗೆ ಮುಟ್ಟಿಸುವ ನಿಸ್ತಂತು ಏರ್ಪಾಡೊಂದು ಹೊರದೇಶಗಳಲ್ಲಿ ಬಳಕೆಗೆ ಬಂದಿದೆ. ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮ ರಸ್ತೆಗಳಲ್ಲಿ ಎಷ್ಟರ ಮಟ್ಟಿಗೆ ಉಪಯೋಗವಾದೀತು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಅಪಾಯವನ್ನು ಕಂಡು ಚಾಲಕನ ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ 25 ಮೀಟರ್ ಕಳೆದಿರುತ್ತದೆ. ತಿರುವು ದಾಟಿದೊಡನೆ 50 ಮೀಟರ್ ಮುಂದೆ ವಾಹನಗಳ ಸಾಲು ಕಂಡರೆ, ಉಳಿದ 25 ಮೀಟರಿನಲ್ಲಿ ತುಂಬಿದ ಲಾರಿ ಇಳಿಜಾರಿನಲ್ಲಿ ನಿಲ್ಲಲಾರದು. ಅದೇ ಸುದ್ದಿ 300 ಮೀಟರ್ ಮೊದಲೇ ಸಿಕ್ಕಿದರೆ ಚಾಲಕನ ಕೈಯಲ್ಲಿ ಹದಿನೆಂಟು ಸೆಕೆಂಡು ಇರುತ್ತದೆ.

ಸಾಧನ ದೊಡ್ಡದೇನಲ್ಲ. ಉಪಗ್ರಹದ ಸಹಾಯದಿಂದ ತಾನಿರುವ ಜಾಗವನ್ನು ಅರಿಯುವ ಒಂದು ಭಾಗ, ಒಂದು ಚಿಕ್ಕ ರೇಡಿಯೋ, ಒಂದು ಗಣಕಯಂತ್ರ, ಇಷ್ಟೇ. ನಾನು ಇಲ್ಲಿದ್ದೇನೆ, ಇಷ್ಟು ವೇಗ, ಈ ದಿಕ್ಕು, ಬ್ರೇಕು ಒತ್ತಿದೆ ಅಥವಾ ಒತ್ತಿಲ್ಲ, ಎಂದು ವಾಹನ ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಲೇ ಇರುತ್ತದೆ. ನಮ್ಮ ಹಿರಿಯರು ದೂರವನ್ನು ಕೂಗಳತೆ ಎಂದು ಅಳೆಯುತ್ತಿದ್ದರಷ್ಟೆ. ಈ ರೇಡಿಯೋದ ಕೂಗಳತೆ ಬಯಲು ರಸ್ತೆಯಲ್ಲಿ 300 ಮೀಟರ್ ಇಲ್ಲವೆ ಅದಕ್ಕೂ ಹೆಚ್ಚು. ನಡುವೆ ಟವರೂ ಬೇಡ, ಕಛೇರಿಯೂ ಬೇಡ. ಕೇಳಿಸಿಕೊಂಡ ವಾಹನ ಅಪಾಯದ ಸುದ್ದಿಯನ್ನು ಹಿಂದಿನದಕ್ಕೆ, ಅದು ಇನ್ನೂ ಹಿಂದಿನದಕ್ಕೆ ದಾಟಿಸುವಂತೆಯೂ ಮಾಡಬಹುದು. ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಸಾಲುಗಟ್ಟಿ ನಿಂತು ಬಿಂದಿಗೆ ದಾಟಿಸುವುದಿಲ್ಲವೇ, ಹಾಗೆ. ಆದರೆ ಇಲ್ಲಿ ಸಾಲಿನವರೆಲ್ಲ ಓಡುತ್ತಿರುತ್ತಾರೆ. ಈ ಕ್ಷಣದ ನೆರೆಯವನು ಮರುಕ್ಷಣ ಇರುವುದಿಲ್ಲ. ಆದ್ದರಿಂದಲೇ ಇಂಥ ಜಾಲವನ್ನು ಕಟ್ಟುವುದು ಮನೆಯ ಟೆಲಿಫೋನಿನಷ್ಟು ಸುಲಭವಲ್ಲ.

ಎಲ್ಲರೂ ಒಟ್ಟಿಗೆ ಕೂಗಿದರೆ ಸಂತೆಯಂತಾಗಿ ಯಾರ ಮಾತೂ ಕೇಳಿಸದು. ಅದಕ್ಕಾಗಿ ಪ್ರತಿ ಸಾಧನವೂ ಮೊದಲು ಕಿವಿಗೊಟ್ಟು, ತೆರಪು ಕಂಡಾಗ ಮಾತನಾಡುತ್ತದೆ. ದಟ್ಟಣೆ ಹೆಚ್ಚಾದರೆ ಕೂಗುವ ಸಲಗಳನ್ನು ತಗ್ಗಿಸುತ್ತದೆ. ಯಾರಾದರೂ ಕಿಡಿಗೇಡಿತನದಿಂದ ಸುಳ್ಳು ಸುದ್ದಿ ಹರಡದಂತೆ ಪ್ರತಿ ಸಂದೇಶಕ್ಕೂ ಗುಪ್ತಲಿಪಿಯ ರುಜು ಇರುತ್ತದೆ.

ಇನ್ನು ಬಂಡೆಯ ವಿಚಾರ. 1999ರಲ್ಲಿ ಅಮೆರಿಕವು 5.9 ಗಿಗಾಹರ್ಟ್ಸ್ ಸುತ್ತಿನ 75 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಈ ಕೆಲಸಕ್ಕೆ ಮೀಸಲಿಟ್ಟಿತು. ಇಷ್ಟು ಕಿರಿದಾದ ತರಂಗ ನೇರವಾಗಿ ಹೋಗುತ್ತದೆಯೇ ಹೊರತು ಗುಡ್ಡವನ್ನು ಬಳಸಿ ಬರುವುದಿಲ್ಲ. ತೊಪ್ಪೂರಿನಂಥ ತಿರುವಿನಲ್ಲಿ ಅದು ಅರ್ಧಕ್ಕೆ ನಿಂತೀತು. ಜಪಾನಿನಲ್ಲಿ 2015ರಿಂದ ಟೊಯೋಟಾ ಕಾರುಗಳಲ್ಲಿ ಬಂದಿರುವ ಏರ್ಪಾಡು 760 ಮೆಗಾಹರ್ಟ್ಸ್ ಬಳಸುತ್ತದೆ. ಆ ತರಂಗ ಅಡ್ಡಿಗಳನ್ನು ಸ್ವಲ್ಪ ಚೆನ್ನಾಗಿಯೇ ಬಳಸಿ ಸಾಗುತ್ತದೆ. ಇಲ್ಲವಾದರೆ ತಿರುವಿನ ಮೂಲೆಯಲ್ಲಿ, ಎರಡೂ ಕಡೆ ಕಾಣುವಂತೆ, ಸುದ್ದಿ ದಾಟಿಸುವ ಕಂಬವೊಂದನ್ನು ನೆಡಬೇಕು. ನಮ್ಮ ಕಣಿವೆಗೆ ಇಂಥ ಕಂಬವೇ ಮುಖ್ಯವೆಂದು ನನ್ನ ಅಭಿಪ್ರಾಯ.

ಆದರೆ ಬ್ರೇಕು ಸೋತ ಲಾರಿಗೆ ಸುದ್ದಿ ಹೇಳಿ ಏನು ಫಲ ಎಂದು ತಾವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಡೀಸೆಲ್ ಉಳಿಸಲೆಂದು ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಇಳಿಸಿದರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ಮು ಕಾದರೆ ಬ್ರೇಕು ಹಿಡಿಯದು. ಆಗ ಯಾವ ರೇಡಿಯೋವೂ ಲಾರಿಯನ್ನು ನಿಲ್ಲಿಸಲಾರದು. ಸುದ್ದಿ ತಲುಪಬೇಕಾದದ್ದು ಇಳಿಜಾರಿನ ನಡುವೆ ಅಲ್ಲ, ಅದರ ನೆತ್ತಿಯಲ್ಲಿ, ಚಾಲಕ ಇನ್ನೂ ಗೇರ್ ಇಳಿಸಬಲ್ಲ ಜಾಗದಲ್ಲಿ. ಸುದ್ದಿಯನ್ನು ಹಿಂದಕ್ಕೆ ದಾಟಿಸುವ ಜಾಲದ ನಿಜವಾದ ಬೆಲೆ ಇರುವುದು ಇಲ್ಲಿ.

ನಮ್ಮಲ್ಲಿ ಈಗಾಗಲೇ ಇರುವ ಕೆಲವು ಸಾಧನಗಳನ್ನು ಇದರೊಂದಿಗೆ ಬೆರೆಸಬಾರದು. ಸುಂಕದ ಕಟ್ಟೆಗಳಲ್ಲಿ 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಗಾಜಿಗೆ ಅಂಟಿದ ಚೀಟಿ ಮಾತ್ರ. ಕಟ್ಟೆಯ ಯಂತ್ರ ಕೇಳಿದಾಗ ತನ್ನ ಗುರುತು ಹೇಳುತ್ತದೆ, ಅಷ್ಟೆ. ಲಾರಿ ಮಾಲೀಕರು ಹಾಕಿಸುವ ಜಿ.ಪಿ.ಎಸ್. ಪೆಟ್ಟಿಗೆ ಟವರಿನ ಮೂಲಕ ಮಾಲೀಕರೊಡನೆ ಮಾತನಾಡುತ್ತದೆ, ಪಕ್ಕದ ಲಾರಿಯೊಡನೆ ಅಲ್ಲ.

ಇದರ ಉಪಯೋಗಗಳು ಬೇರೆಯೂ ಇವೆ. ಆಂಬುಲೆನ್ಸ್ ಬರುತ್ತಿರುವುದನ್ನು ಸಿಗ್ನಲ್ ಕಂಬಕ್ಕೆ ತಿಳಿಸಿ ದಾರಿ ಬಿಡಿಸುವುದು ಒಂದು. 2016ರಲ್ಲಿ ಯೂರೋಪಿನ ಹಲವು ಕಡೆಗಳಿಂದ ಲಾರಿಗಳು ಹೀಗೆ ನಿಸ್ತಂತುವಿನಿಂದ ಜೋಡಿಕೊಂಡು ಸಾಲಾಗಿ ರಾಟರ್‌ಡಾಂ ಬಂದರಿಗೆ ಬಂದವು. ಅಂತರ ಕಡಿಮೆ ಇಟ್ಟರೆ ಗಾಳಿಯ ತಡೆ ತಗ್ಗಿ ಡೀಸೆಲ್ ಉಳಿಯುತ್ತದೆಯಂತೆ. ದನಕರು ಅಡ್ಡ ಬರುವ ನಮ್ಮ ರಸ್ತೆಗಳಿಗೆ ಅದು ಹೇಳಿದ್ದಲ್ಲ.

ಇಷ್ಟೆಲ್ಲ ಇದ್ದರೂ ಜಾಲ ಬೇಗ ಹರಡಲಿಲ್ಲ. ಅಮೆರಿಕವೇ 2020ರಲ್ಲಿ ಆ 75ರಲ್ಲಿ 45 ಮೆಗಾಹರ್ಟ್ಸನ್ನು ಬೇರೆ ಕೆಲಸಕ್ಕೆ ಕೊಟ್ಟಿತು. ಕಾರಣ ಸರಳವಾಗಿದೆ. ಮಾತಿಗೆ ಇಬ್ಬರು ಬೇಕು. ಹತ್ತು ವಾಹನಗಳಲ್ಲಿ ಒಂದಕ್ಕೆ ಸಾಧನವಿದೆ ಎಂದಿಟ್ಟುಕೊಳ್ಳಿ. ಎದುರಾಗುವ ಎರಡರಲ್ಲಿಯೂ ಅದು ಇರುವ ಸಂಭವ ನೂರಕ್ಕೆ ಒಂದು.

ಕಬ್ಬಿನ ಟ್ರೈಲರ್ ಆ ಒಂದರಲ್ಲಿ ಸೇರುವ ದಿನ ದೂರವಿದೆ. ಹಂಗಾಮಿನಲ್ಲಿ ನಮ್ಮ ಟ್ರಾಕ್ಟರುಗಳು ರಾತ್ರಿಯೂ ರಸ್ತೆಯಲ್ಲಿರುತ್ತವೆ. ಚಕ್ರ ಪಂಕ್ಚರ್ ಆದರೆ ಅಲ್ಲೇ ನಿಲ್ಲುತ್ತವೆ. ಹಿಂದಿನಿಂದ ಬರುವವನಿಗೆ ಅವು ತಮ್ಮ ಇರವನ್ನು ತಿಳಿಸುವುದು ಇಂದಿಗೂ ಕೆಂಪು ರಿಫ್ಲೆಕ್ಟರ್ ಒಂದರಿಂದಲೇ. ಹೇರು ಎತ್ತರವಾದಾಗ ಹಿಂದಕ್ಕೆ ಚಾಚಿದ ಕಬ್ಬು ಜೋತುಬಿದ್ದು ಅದನ್ನು ಮುಚ್ಚಿಬಿಡುತ್ತದೆ. ಟ್ರೈಲರಿನ ಹಲಗೆಗೆ ಹೊಡೆದ ರಿಫ್ಲೆಕ್ಟರ್ ಜೊತೆಗೆ ಇನ್ನೊಂದನ್ನು, ಹೇರು ಕಟ್ಟಿದ ಮೇಲೆ, ಚಾಚಿದ ಕಬ್ಬಿನ ತುದಿಗೇ ಹಗ್ಗದಿಂದ ಬಿಗಿಸಿ, ಹತ್ತು ಮಾರು ಹಿಂದೆ ನಿಂತು ಟಾರ್ಚ್ ಬಿಟ್ಟು ನೋಡಿ.