ಹಗುರ ವಿಮಾನದ ಬ್ಯಾಟರಿಗೆ ಎರಡು ಬಾಗಿಲು

ರಾಜಾಜಿನಗರದ ಬೀದಿಯಲ್ಲಿ ಬೆಳಗಿನ ಹೊತ್ತು ಕಾರೊಂದು ಹೊರಡಲೊಲ್ಲದೆ ನಿಂತರೆ ನಡೆಯುವ ಗಡಿಬಿಡಿಯನ್ನು ವಾಚಕರು ಕಂಡೇ ಇರುತ್ತಾರೆ. ನಾಲ್ವರು ಸೇರಿ ಹಿಂದಿನಿಂದ ನೂಕುತ್ತಾರೆ. ಅದು ಫಲಿಸದಿದ್ದರೆ ನೆರೆಮನೆಯ ಕಾರನ್ನು ಪಕ್ಕಕ್ಕೆ ತಂದು, ದಪ್ಪ ತಂತಿಗಳಿಂದ ಒಂದರ ಬ್ಯಾಟರಿಯನ್ನು ಇನ್ನೊಂದರದಕ್ಕೆ ಜೋಡಿಸುತ್ತಾರೆ. ನಗರದ ಉತ್ತರಕ್ಕಿರುವ ಜಕ್ಕೂರಿನ ವಿಮಾನನೆಲೆಯಲ್ಲಿ ಎರಡು ಆಸನಗಳ ವಿಮಾನವೊಂದು ಹೀಗೆಯೇ ಹಟ ಹಿಡಿದರೆ ಮಾಡುವುದೇನು? ಅದನ್ನು ನೂಕಿ ಪ್ರಯೋಜನವಿಲ್ಲ. ಅದರ ಚಕ್ರಗಳಿಗೂ ಎಂಜಿನ್ನಿಗೂ ಸಂಬಂಧವೇ ಇಲ್ಲ.

ಹಿಂದೆ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ನಿರ್ಮಿಸಿ 1958ರಲ್ಲಿ ಮೊದಲು ಹಾರಿಸಿದ ‘ಪುಷ್ಪಕ್’ ವಿಮಾನದ ಪ್ರೊಪೆಲರನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಕಿಡಿ ಹಾರಿಸಲು ಮ್ಯಾಗ್ನೆಟೊ ಇತ್ತು. ಅದು ತಿರುಗುವ ಅಯಸ್ಕಾಂತದಿಂದ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿಯ ಹಂಗಿಲ್ಲ. ಕೈ ಎಳೆದುಕೊಳ್ಳುವುದು ಕ್ಷಣ ತಡವಾದರೆ ಮಾತ್ರ ಗತಿ ಕೆಟ್ಟಿತು! ಇದೇ ನಗರದ ಎನ್.ಎ.ಎಲ್. ಪ್ರಯೋಗಾಲಯದ ‘ಹಂಸ’ 1993ರಲ್ಲಿ ಮೊದಲು ಹಾರಿತು. ಅದರ ಮುಂದಿನ ರೂಪವಾದ ‘ಹಂಸ-3’ರ ರೋಟ್ಯಾಕ್ಸ್ 914 ಎಂಜಿನ್ನಿಗೆ ಇಂಧನವನ್ನು ಒದಗಿಸುವುದೇ ವಿದ್ಯುತ್ ಪಂಪುಗಳು. ಇಲ್ಲಿ ವಿದ್ಯುತ್ತು ಎಂಜಿನ್ನನ್ನು ಎಬ್ಬಿಸುವುದಕ್ಕಷ್ಟೇ ಅಲ್ಲ, ನಡೆಸುವುದಕ್ಕೂ ಬೇಕು.

ಅನೇಕ ಹಗುರ ವಿಮಾನಗಳಲ್ಲಿ ಬ್ಯಾಟರಿಯು ಎಂಜಿನ್ನಿನ ಮುಚ್ಚಳದೊಳಗೋ ಆಸನದ ಹಿಂದೆಯೋ ಅಡಗಿರುತ್ತದೆ. ಹತ್ತಾರು ತಿರುಪುಗಳನ್ನು ಬಿಚ್ಚದೆ ಅದು ಕೈಗೆ ಸಿಗದು. ಆದುದರಿಂದ ಹೊರಮೈಯಲ್ಲಿಯೇ ಒಂದು ವಿದ್ಯುತ್ ದ್ವಾರವನ್ನಿಟ್ಟು ಅದರಿಂದ ಎಂಜಿನ್ನನ್ನೂ ಎಬ್ಬಿಸಿ, ಬ್ಯಾಟರಿಯನ್ನೂ ತುಂಬಿಸಬಾರದೇಕೆ ಎಂದು ಯಾರಿಗಾದರೂ ತೋರುತ್ತದೆ. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಓಮನ ನಿಯಮವು ಒಂದರ ಬದಲು ಎರಡು ದ್ವಾರಗಳನ್ನು ಕೇಳುತ್ತದೆ.

ಲೆಕ್ಕ ಹಾಕಿ ನೋಡೋಣ. ಸೀಸ-ಆಮ್ಲದ ಒಂದು ಕೋಶದ ಒತ್ತಡ ಸುಮಾರು 2.1 ವೋಲ್ಟ್, ಆರು ಕೋಶಗಳು ಸೇರಿದರೆ 12.6. ನಾವು ಜೋಡಿಸಿದ ತಂತಿಯ ರೋಧ 0.05 ಓಮ್ ಎಂದಿರಲಿ. ಬ್ಯಾಟರಿಯನ್ನು ನಿಧಾನವಾಗಿ ತುಂಬಿಸುವಾಗ 2 ಆಂಪಿಯರ್ ಹರಿದರೆ ತಂತಿಯಲ್ಲಿ ನಷ್ಟವಾಗುವುದು 0.1 ವೋಲ್ಟ್, ಗಮನಕ್ಕೇ ಬಾರದಷ್ಟು. ಸ್ಟಾರ್ಟರ್ ಮೋಟಾರು 200 ಆಂಪಿಯರ್ ಬೇಡಿದರೆ ಅದೇ ತಂತಿಯಲ್ಲಿ 10 ವೋಲ್ಟ್ ನಷ್ಟವಾಗಬೇಕು. ಮೋಟಾರಿಗೆ ಉಳಿಯುವುದು ಎರಡೂವರೆ ವೋಲ್ಟ್! ಅಷ್ಟರಿಂದ ಅದು ನಿಟ್ಟುಸಿರನ್ನು ಬಿಟ್ಟೀತೇ ಹೊರತು ತಿರುಗದು. ಶಾಖವಂತೂ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ನೂರುಮಡಿಯಾದರೆ ತಂತಿಯ ಬಿಸಿ ಹತ್ತುಸಾವಿರ ಮಡಿ.

ಆದ್ದರಿಂದ ಎಂಜಿನ್ನನ್ನು ಎಬ್ಬಿಸುವ ದ್ವಾರಕ್ಕೆ ಹೆಬ್ಬೆರಳ ಗಾತ್ರದ, ಆದಷ್ಟು ಗಿಡ್ಡನೆಯ ತಾಮ್ರದ ತಂತಿ ಬೇಕು. ತುಂಬಿಸುವ ದ್ವಾರಕ್ಕೆ ತೆಳುತಂತಿಯೇ ಸಾಕು. ಆದರೆ ಅದರ ಫ್ಯೂಸು ಬ್ಯಾಟರಿಯ ಬಳಿಯಲ್ಲಿಯೇ ಇರಬೇಕು. ಹೊರಗಿನ ತುದಿಯಲ್ಲಿ ಫ್ಯೂಸು ಕಟ್ಟಿ, ನಡುವೆ ಎಲ್ಲಿಯೋ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಾಗಿದರೆ, ಬ್ಯಾಟರಿಯಿಂದ ನೂರಾರು ಆಂಪಿಯರ್ ನುಗ್ಗಿ ತಂತಿ ಕೆಂಪಾಗುತ್ತದೆ. ಫ್ಯೂಸು ಮಾತ್ರ ಏನೂ ಅರಿಯದಂತೆ ಕುಳಿತಿರುತ್ತದೆ.

ದೊಡ್ಡ ದ್ವಾರದ ರಚನೆಯಲ್ಲೊಂದು ಜಾಣತನವಿದೆ. ವಿಮಾನಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಎರಡು ದಪ್ಪ ಕಡ್ಡಿಗಳೂ ಒಂದು ಗಿಡ್ಡ ಕಡ್ಡಿಯೂ ಇರುತ್ತವೆ. ಗಿಡ್ಡದು ಕೊನೆಗೆ ತಾಗಿ, ಮೊದಲು ಬಿಡುತ್ತದೆ. ಅದು ತಾಗಿದಾಗಲೇ ಒಳಗಿನ ರಿಲೇ ಮುಖ್ಯ ಪ್ರವಾಹಕ್ಕೆ ದಾರಿ ಕೊಡುವುದರಿಂದ, ಕಡ್ಡಿಗಳನ್ನು ಸೇರಿಸುವಾಗ ಬಿಡಿಸುವಾಗ ದೊಡ್ಡ ಕಿಡಿ ಹಾರದು. ತುಂಬುತ್ತಿರುವ ಬ್ಯಾಟರಿ ಜಲಜನಕವನ್ನು ಹೊರಬಿಡಬಲ್ಲದು. ಬಳಿಯಲ್ಲಿ ಪೆಟ್ರೋಲೂ ಇದೆ. ಕಿಡಿಗೆ ಅಂಜಲೇಬೇಕು. ಅದಕ್ಕಿಂತ ಮಿಗಿಲಾಗಿ, ಎಂಜಿನ್ ಎದ್ದ ಮೇಲೆ ಒಬ್ಬರು ಹೋಗಿ ತಂತಿಯನ್ನು ಕಳಚಬೇಕಷ್ಟೆ? ತಿರುಗುವ ಪ್ರೊಪೆಲರ್ ಕಣ್ಣಿಗೆ ಕಾಣದು. ದ್ವಾರವು ರೆಕ್ಕೆಯ ಹಿಂದೆ ಇದ್ದರೆ ಅವರು ಬಾಲದ ಕಡೆಯಿಂದ ಬಂದು, ಬಂದ ದಾರಿಯಲ್ಲಿಯೇ ಮರಳಬಹುದು. ತಂತಿ ಉದ್ದವಾಗಿ ಭಾರ ಹೆಚ್ಚಿದರೂ ನಮ್ಮ ಮತವು ಈ ಕಡೆಗೇ. ಯಾರ ಮತವೇನೇ ಇರಲಿ, ಪ್ರಮಾಣಪತ್ರ ಪಡೆದ ವಿಮಾನದಲ್ಲಿ ಇಂಥ ಬದಲಾವಣೆಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ.

ಇನ್ನು, ಹೊರಗಿನ ಸಹಾಯದಿಂದ ಎಂಜಿನ್ ಎದ್ದಿತೆಂದು ಕೂಡಲೇ ಹಾರಬಹುದೇ? ಕಾರಿನವರು ಹಾಗೆಯೇ ಮಾಡುತ್ತಾರೆ. ದಾರಿಯಲ್ಲಿ ಮತ್ತೆ ನಿಂತರೆ ಮಾಗಡಿ ರಸ್ತೆಯ ಅಂಚಿಗೆ ಸರಿದು ನಿಲ್ಲುತ್ತಾರೆ. ಆಕಾಶದಲ್ಲಿ ಅಂಚಿಲ್ಲ. ಎಂಜಿನ್ ಎದ್ದರೂ ಬ್ಯಾಟರಿ ಬರಿದಾಗಿಯೇ ಇದೆ. ಹಾರಾಟದಲ್ಲಿ ಆಲ್ಟರ್ನೇಟರ್ ಕೆಟ್ಟರೆ ರೇಡಿಯೊ, ಉಪಕರಣ, ಪಂಪುಗಳಿಗೆ ಆಸರೆ ಆ ಬ್ಯಾಟರಿಯೊಂದೇ. ಅಲ್ಲದೆ ಅನೇಕ ಆಲ್ಟರ್ನೇಟರುಗಳು ತಮ್ಮ ಅಯಸ್ಕಾಂತವನ್ನು ಎಚ್ಚರಿಸಲು ಮೊದಲ ಪ್ರವಾಹವನ್ನು ಬ್ಯಾಟರಿಯಿಂದಲೇ ಪಡೆಯುತ್ತವೆ.

ಆದ್ದರಿಂದ ಬ್ಯಾಟರಿ ಪೂರ್ತಿ ಬರಿದಾದ ದಿನ ಕೆಲಸಕ್ಕೆ ಬರುವುದು ಚಿಕ್ಕ ದ್ವಾರವೇ. 20 ಆಂಪಿಯರ್-ಗಂಟೆಯ ಬ್ಯಾಟರಿಗೆ 2 ಆಂಪಿಯರಿನಂತೆ ಹತ್ತು ಗಂಟೆ, ನಷ್ಟವನ್ನು ಸೇರಿಸಿದರೆ ಇನ್ನೂ ಕೆಲವು ಗಂಟೆ. ಸಂಜೆ ತಂತಿಯನ್ನು ಸಿಕ್ಕಿಸಿದರೆ ಮರುದಿನದ ಬೆಳಗಿಗೆ ವಿಮಾನ ಸಿದ್ಧ.