ಎಣ್ಣೆ ಬೆರೆತ ಅಂತರ್ಜಲದ ಶುದ್ಧೀಕರಣ

ನೀರು ಸಕಲ ಜೀವರಾಶಿಗೂ ಆಧಾರವೆಂಬುದು ಸರ್ವವಿದಿತ. ಕಣ್ಣೆದುರಿನ ಕೆರೆ ಕೆಟ್ಟರೆ ಒಡನೆಯೇ ತಿಳಿಯುತ್ತದೆ. ಆದರೆ ಭೂಗರ್ಭದ ನೀರು ಕೆಟ್ಟುದು ಅರಿವಿಗೆ ಬರುವಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ಅಮೆರಿಕಾದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ, ಚಾರ್ಲ್ಸ್‌ಟನ್ ನಗರದ ಸಮೀಪದಲ್ಲಿರುವ ಹ್ಯಾನಹಾನ್ ಎಂಬ ಊರಿನ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನ.

1975ರಲ್ಲಿ ಅಲ್ಲಿನ ಇಂಧನ ಸಂಗ್ರಹಾಗಾರವೊಂದರಿಂದ ಸುಮಾರು 80,000 ಗ್ಯಾಲನ್, ಅಂದರೆ ಮೂರು ಲಕ್ಷ ಲೀಟರುಗಳಷ್ಟು ವಿಮಾನದ ಇಂಧನವು ಸೋರಿತು. ಇದು ನಮ್ಮ ಸೀಮೆಎಣ್ಣೆಯ ಜಾತಿಗೇ ಸೇರಿದ ತೈಲ. ಕೂಡಲೇ ಅದನ್ನು ತಡೆದು ಸಂಗ್ರಹಿಸುವ ಕಾರ್ಯ ನಡೆಯಿತಾದರೂ ಒಂದಂಶವು ಮರಳುನೆಲದಲ್ಲಿ ಇಂಗಿ ಅಂತರ್ಜಲವನ್ನು ಸೇರಿತು. ತೈಲವು ನೀರಿಗಿಂತ ಹಗುರವಾದುದರಿಂದ ಜಲಮಟ್ಟದ ಮೇಲೆಯೂ ಮಣ್ಣಿನ ಕಣಗಳ ಸಂದುಗಳಲ್ಲಿಯೂ ನಿಲ್ಲುತ್ತದೆ. ಅದರಲ್ಲಿನ ಬೆಂಜೀನ್, ಟಾಲುಯೀನ್ ಮುಂತಾದ ವಿಷದ್ರವ್ಯಗಳಾದರೋ ನೀರಿನಲ್ಲಿ ಕರಗಿ ಅದರೊಡನೆ ಸಾಗುತ್ತವೆ. ಬೆಂಜೀನು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 0.01 ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. 1985ರ ವೇಳೆಗೆ ಈ ಮಾಲಿನ್ಯವು ನೆರೆಯ ಜನವಸತಿಯನ್ನು ಮುಟ್ಟಿತು.

ಪರಿಹಾರವೇನು? ಕೆಟ್ಟ ಮಣ್ಣನ್ನೆಲ್ಲ ಅಗೆದು ಸಾಗಿಸುವುದು ಅಲ್ಲಿ ಕಾರ್ಯಸಾಧ್ಯವಾಗಿರಲಿಲ್ಲ. ನೀರನ್ನು ಮಾತ್ರ ಮೇಲೆತ್ತಿದರೂ ಸಾಲದು. ಸೀಮೆಎಣ್ಣೆ ಹೀರಿದ ಬಟ್ಟೆಯನ್ನು ಎಷ್ಟು ಬಾರಿ ಜಾಲಿಸಿದರೂ ವಾಸನೆ ಬಿಡದಂತೆ, ಮಣ್ಣಿಗಂಟಿದ ತೈಲವು ಹೊಸದಾಗಿ ಬಂದ ನೀರನ್ನೂ ಕೆಡಿಸುತ್ತಲೇ ಇರುತ್ತದೆ. ಆಗ ನೆರವಿಗೊದಗಿದವು ಆ ಮಣ್ಣಿನಲ್ಲಿಯೇ ಇದ್ದ ಸೂಕ್ಷ್ಮಜೀವಿಗಳು. ಅವು ತೈಲದ ವಿಷಾಂಶಗಳನ್ನು ಆಹಾರವಾಗಿ ಸ್ವೀಕರಿಸಿ ಇಂಗಾಲದ ಡೈ ಆಕ್ಸೈಡಾಗಿ ಮಾರ್ಪಡಿಸುತ್ತಿದ್ದುದನ್ನು ಅಮೆರಿಕಾದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡರು. ನಮ್ಮ ತಿಪ್ಪೆಯ ಕಸವನ್ನು ಗೊಬ್ಬರವಾಗಿಸುವುದೂ ಇಂತಹ ಜೀವಿಗಳೇ. ಪೋಷಕದ್ರವ್ಯಗಳನ್ನು ಒದಗಿಸಿದರೆ ಅವುಗಳ ಕಾರ್ಯವು ಬಹಳ ಶೀಘ್ರವಾಗುವುದೆಂಬುದೂ ತಿಳಿದುಬಂದಿತು.

ಅದರಂತೆ 1992ರಲ್ಲಿ ಇಂಗುಗಾಲುವೆಗಳ ಮೂಲಕ ಪೋಷಕದ್ರವ್ಯಗಳನ್ನು ನೆಲಕ್ಕೆ ಉಣಿಸಲಾಯಿತು. ಕೆಟ್ಟ ನೀರನ್ನು ಕೊಳವೆಬಾವಿಗಳಿಂದ ಮೇಲೆತ್ತಲಾಯಿತು. 1993ರ ಅಂತ್ಯಕ್ಕೆ ಜನವಸತಿಯ ಭಾಗದಲ್ಲಿ ಮಾಲಿನ್ಯವು ಶೇಕಡ 75ರಷ್ಟು ತಗ್ಗಿತ್ತು. ಲೀಟರಿಗೆ 5 ಮಿಲಿಗ್ರಾಮಿಗೂ ಮಿಗಿಲಾಗಿ ಟಾಲುಯೀನ್ ಇದ್ದ, ಇಂಗುಗಾಲುವೆಗಳ ಸಮೀಪದ ನೀರಿನಲ್ಲಿ ಅದರ ಕುರುಹೂ ಕಾಣಲಿಲ್ಲ.

ಭೂಮಿತಾಯಿಯು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳಬಲ್ಲಳೆಂದು ನಾವು ಸಂತೋಷಪಡಬಹುದು, ನಿಶ್ಚಿಂತರಾಗಿರಲಾಗದು. ಅಷ್ಟೆಲ್ಲ ಪ್ರಯತ್ನದ ಬಳಿಕವೂ, ಸೋರಿಕೆಯಾದ ಹದಿನೆಂಟು ವರ್ಷಗಳ ಅನಂತರ, ಜನವಸತಿಯ ಭಾಗದಲ್ಲಿ ಕಾಲುಪಾಲು ಮಾಲಿನ್ಯ ಉಳಿದೇ ಇತ್ತು. ಈ ಸಂಚಿಕೆಯ ವಾಚಕರಲ್ಲಿ ಕಾರ್ಖಾನೆಗಳ ಒಡೆಯರೂ ಪೆಟ್ರೋಲ್ ಬಂಕುಗಳನ್ನು ನಡೆಸುವವರೂ ಇರಬಹುದು. ನೆಲದಡಿಯ ತೊಟ್ಟಿಯಲ್ಲಿ ತುಂಬಿಸಿದ ಎಣ್ಣೆಗೂ ಮಾರಿದ ಎಣ್ಣೆಗೂ ಲೆಕ್ಕ ಸರಿಹೊಂದುವುದೇ ಎಂದು ನಿತ್ಯವೂ ಪರೀಕ್ಷಿಸುವುದು ವ್ಯಾಪಾರದ ಲೆಕ್ಕವಷ್ಟೇ ಅಲ್ಲ; ಅದು ನೆರೆಯವರ ಬಾವಿಯನ್ನು ಕಾಯುವ ಕರ್ತವ್ಯವೂ ಹೌದು. ಅಧ್ಯಾಪಕರು ಈ ಮಾತನ್ನು ಮಕ್ಕಳಿಗೂ ತಿಳಿಯಹೇಳಬೇಕೆಂದು ವಿನಂತಿ.