ನೀರ ಮೇಲಣ ನಿವೃತ್ತಿ

ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಿಂದ ಕಾರ್ಕಸೋನ್ ಎಂಬ ಕೋಟೆಯ ಊರಿಗೆ ಕಾರಿನಲ್ಲಿ ಹೋದರೆ ಸುಮಾರು ಒಂದು ಗಂಟೆಯ ದಾರಿ. ಹೆದ್ದಾರಿಯ ಜೊತೆಜೊತೆಗೇ ಒಂದು ಕಾಲುವೆಯೂ ಸಾಗುತ್ತದೆ. ಅದರಲ್ಲಿ ದೋಣಿಯೇರಿ ಹೊರಟವರಿಗೆ ಅದೇ ಊರು ಸೇರಲು ಮೂರು ನಾಲ್ಕು ದಿನ ಬೇಕು. ನಡುವೆ ಯಾವುದಾದರೂ ಹಳ್ಳಿ ಹಿಡಿಸಿತೆಂದರೆ ನಾಲ್ಕು ಹತ್ತಾದರೂ ಆಯಿತು! ದಂಡೆಯ ಮೇಲೆ ಸೈಕಲ್ ತುಳಿಯುವ ಹುಡುಗರು ಕೈಬೀಸಿ ಮುಂದೆ ಹೋಗಿಬಿಡುತ್ತಾರೆ. ದೋಣಿಯಲ್ಲಿ ಚುಕ್ಕಾಣಿ ಹಿಡಿದು ಕುಳಿತವರದ್ದು ಬಹುಮಟ್ಟಿಗೆ ನರೆತ ತಲೆ. ಅವರಿಗೆ ಅವಸರವಿಲ್ಲ. ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಇಲ್ಲಿ ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್.

ಕಾಲುವೆ ಎಂದರೆ ನಮ್ಮ ಕಣ್ಣಿಗೆ ಬರುವುದು ಗದ್ದೆಗೆ ಹರಿಯುವ ನೀರು. ಈ ಕನಾಲ್ ದು ಮಿದಿ ಅಂಥದಲ್ಲ. ಇದು ಸರಕಿನ ದೋಣಿಗಳಿಗೆಂದೇ ತೋಡಿದ ರಸ್ತೆ. ತುಲೂಸಿನಿಂದ ಮೆಡಿಟರೇನಿಯನ್ ದಂಡೆಯ ತೋ ಸರೋವರದವರೆಗೆ 240 ಕಿಲೋಮೀಟರ್. ಒಂದು ಕಾಲಕ್ಕೆ ದ್ರಾಕ್ಷಾರಸ, ಗೋಧಿ, ಅಂಚೆ, ಪ್ರಯಾಣಿಕರು ಎಲ್ಲವೂ ಇದರ ಮೇಲೆಯೇ. ಕುದುರೆಗಳು ದಂಡೆಯ ಮೇಲಿಂದ ದೋಣಿ ಎಳೆಯುತ್ತಿದ್ದವು. 1857ರಲ್ಲಿ ಪಕ್ಕದಲ್ಲೇ ರೈಲು ಬಂತು. ಮರುವರ್ಷ ಕಾಲುವೆಯನ್ನು ಗುತ್ತಿಗೆಗೆ ಕೊಟ್ಟದ್ದೂ ಅದೇ ರೈಲು ಕಂಪನಿಗೆ! ಬೆಕ್ಕಿನ ಕೈಗೆ ಬೆಣ್ಣೆ ಕೊಟ್ಟ ಹಾಗೆ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸರಕಿನ ದೋಣಿಗಳು ಮಾಯವಾಗಿ, ಕಾಲುವೆ ವಿರಾಮದವರ ಪಾಲಾಯಿತು. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಾರದ ರಜೆಗೆ ಬರುವವರು ಬಾಡಿಗೆ ದೋಣಿ ಹಿಡಿಯುತ್ತಾರೆ. ಅದಕ್ಕೆ ಲೈಸೆನ್ಸ್ ಕೂಡ ಬೇಡ, ಬಾಡಿಗೆ ಕೊಡುವವರು ಹೇಳಿಕೊಡುವ ಪಾಠವೇ ಸಾಕು. ನಿಜವಾದ ಕಾಲುವೆವಾಸಿಗಳು ಬೇರೆ. ಅವರು ನೌಕರಿ ಮುಗಿಸಿ, ಮನೆ ಮಾರಿ ಅಥವಾ ಬಾಡಿಗೆಗೆ ಕೊಟ್ಟು, ಹಳೆಯ ದೋಣಿಯೊಂದನ್ನು ಕೊಂಡವರು. ಬ್ರಿಟಿಷರು, ಡಚ್ಚರು, ಜರ್ಮನ್ನರು. ಒಳಗೆ ಅಡುಗೆಮನೆ, ಹಾಸಿಗೆ, ಪುಸ್ತಕದ ಕಪಾಟು. ಮಾಡಿನ ಮೇಲೆ ಎರಡು ಸೈಕಲ್, ನಾಲ್ಕು ಹೂಕುಂಡ. ಇಂಗ್ಲೆಂಡಿನ ಟೆರಿ ಡಾರ್ಲಿಂಗ್‌ಟನ್ ಎಂಬಾತ ಎಪ್ಪತ್ತರ ಅಂಚಿನಲ್ಲಿ ಹೆಂಡತಿ ಮೋನಿಕಾ ಮತ್ತು ಜಿಮ್ ಎಂಬ ಬಡಕಲು ನಾಯಿಯೊಡನೆ ತಮ್ಮ ಕಾಲುವೆ ದೋಣಿಯಲ್ಲೇ ಸಮುದ್ರ ದಾಟಿ ಕಾರ್ಕಸೋನ್‌ವರೆಗೆ ಬಂದರು. ಏಳಡಿ ಅಗಲವೂ ಇಲ್ಲದ, ನಿಂತ ನೀರಿಗೆಂದೇ ಮಾಡಿದ ದೋಣಿ ಅದು. 2005ರಲ್ಲಿ ಆತ ಬರೆದ ‘ನ್ಯಾರೋ ಡಾಗ್ ಟು ಕಾರ್ಕಸೋನ್’ ಓದಿ ದೋಣಿಯ ಆಸೆ ಹತ್ತಿಸಿಕೊಂಡವರು ಎಷ್ಟು ಜನವೋ.

ಚಿತ್ರ ಸುಂದರವಾಗಿದೆ. ಆದರೆ ಇದು ಆರಾಮಕುರ್ಚಿಯ ಬದುಕು ಎಂದುಕೊಂಡವರು ಮೊದಲ ‘ಲಾಕ್’ ಹತ್ತಿರ ಬರುವವರೆಗೆ ಕಾಯಬೇಕು.

ನೀರು ಗುಡ್ಡ ಹತ್ತುವುದಿಲ್ಲ, ದೋಣಿ ಹತ್ತಬೇಕು. ಅದಕ್ಕಾಗಿ ಕಾಲುವೆಯ ಉದ್ದಕ್ಕೂ ಕಲ್ಲಿನ ಕೋಣೆಗಳಿವೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಡುತ್ತಾರೆ. ಕೋಣೆ ತುಂಬುತ್ತದೆ, ದೋಣಿ ಏಳುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಓದಲು ಸರಳ. ಆದರೆ ಮೊದಲೇ ಒಬ್ಬರು ದಂಡೆಗೆ ಇಳಿದು ಮೇಲಕ್ಕೆ ನಡೆದಿರಬೇಕು. ಕೆಳಗಿನಿಂದ ಎಸೆದ ಹಗ್ಗ ಹಿಡಿದು ಗೂಟಕ್ಕೊಂದು ಸುತ್ತು ಹಾಕಬೇಕು. ಕಟ್ಟಬಾರದು, ಹಿಡಿದುಕೊಂಡಿರಬೇಕು. ನುಗ್ಗುವ ನೀರಿಗೆ ಟನ್‌ಗಟ್ಟಲೆ ಭಾರದ ದೋಣಿ ಹೊಯ್ದಾಡುವಾಗ ಸಡಿಲಾದ ಹಗ್ಗವನ್ನು ಎಳೆದುಕೊಳ್ಳುತ್ತಲೇ ಇರಬೇಕು. ಇಳಿಯುವಾಗ ಇದರ ತಿರುಗುಮುರುಗು: ಹಗ್ಗ ಬಿಡುತ್ತಾ ಹೋಗಬೇಕು. ಮರೆತು ಗಂಟು ಹಾಕಿದರೆ ನೀರು ಕೆಳಗೆ ಹೋಗುತ್ತದೆ, ದೋಣಿ ಗೋಡೆಗೆ ನೇತುಬೀಳುತ್ತದೆ. ಇಂಥ ಲಾಕ್‌ಗಳು ಈ ಕಾಲುವೆಯಲ್ಲಿ ಅರವತ್ತಕ್ಕೂ ಹೆಚ್ಚು. ಬೆಜಿಯೆ ಪಟ್ಟಣದ ಬಳಿ ಎಂಟು ಕೋಣೆಗಳನ್ನು ಮೆಟ್ಟಿಲಿನಂತೆ ಒಂದಕ್ಕೊಂದು ಅಂಟಿಸಿ ಕಟ್ಟಿದ್ದಾರೆ, ಒಟ್ಟು ಏರು 21.5 ಮೀಟರ್. ಅರವತ್ತೈದರಲ್ಲಿ ಇದು ಒಳ್ಳೆಯ ವ್ಯಾಯಾಮ. ಎಪ್ಪತ್ತೈದರಲ್ಲಿ? ದೋಣಿ ಮಾರಾಟಕ್ಕಿದೆ ಎಂಬ ಫಲಕಗಳ ಹಿಂದೆ ಸಾಮಾನ್ಯವಾಗಿ ಒಂದು ಮೊಣಕಾಲಿನ ಕಥೆ ಇರುತ್ತದೆ. ಇನ್ನು ಗಂಡ ಚುಕ್ಕಾಣಿ, ಹೆಂಡತಿ ಹಗ್ಗ ಎಂಬ ವಿಭಜನೆಯಲ್ಲಿ ಕಷ್ಟ ಯಾರ ಪಾಲಿಗೆ ಎಂಬುದನ್ನು ಓದುಗರೇ ಊಹಿಸಲಿ.

ಈ ಲಾಕ್‌ಗಳು ಚೌಕಾಕಾರವಲ್ಲ, ಮೊಟ್ಟೆಯಾಕಾರ. ಮೊದಲು ನೇರ ಗೋಡೆ ಕಟ್ಟಿದಾಗ ಮಣ್ಣಿನ ಒತ್ತಡಕ್ಕೆ ಕುಸಿಯಿತು. ಕಮಾನನ್ನು ಮಲಗಿಸಿದಂತೆ ಗೋಡೆ ಬಾಗಿಸಿದ ಮೇಲೆ ನಿಂತಿತು, ಮೂರು ಶತಮಾನದಿಂದ ನಿಂತೇ ಇದೆ. ಕಟ್ಟಿಸಿದ ಪಿಯೆರ್ ಪೋಲ್ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. 1666ರಲ್ಲಿ ಹದಿನಾಲ್ಕನೆಯ ಲೂಯಿಯ ಅಪ್ಪಣೆ ಸಿಕ್ಕಾಗ ಅವನಿಗೆ ವಯಸ್ಸು ಐವತ್ತೈದು ದಾಟಿತ್ತು. ಆ ಕಾಲಕ್ಕೆ ಅದು ಮುದಿತನವೇ. ಬೆಟ್ಟದ ತೊರೆಗಳನ್ನು ಜಲಾಶಯದಲ್ಲಿ ಕೂಡಿಹಾಕಿ, ನೊರೂಜ್ ಎಂಬ 189 ಮೀಟರ್ ಎತ್ತರದ ಜಾಗಕ್ಕೆ ತಂದು, ಅಲ್ಲಿಂದ ಎರಡೂ ಕಡಲುಗಳತ್ತ ಹರಿಸಿದ್ದು ಅವನ ಜಾಣತನ. ಸಾವಿರಾರು ಜನ ದುಡಿದರು. ಅವರಲ್ಲಿ ಹೆಂಗಸರೂ ಬಹಳ. ಬೆಟ್ಟಸೀಮೆಯ ಈ ಹೆಂಗಸರಿಗೆ ನೀರು ಹರಿಸುವ ವಿದ್ಯೆ ಪರಂಪರೆಯಿಂದ ಬಂದಿತ್ತೆಂದು ಸಮಾಜಶಾಸ್ತ್ರಜ್ಞೆ ಚಂದ್ರಾ ಮುಖರ್ಜಿ ತಮ್ಮ 2009ರ ಪುಸ್ತಕದಲ್ಲಿ ವಾದಿಸಿದ್ದಾರೆ. ರಿಕೆ ತನ್ನ ಆಸ್ತಿಯನ್ನೆಲ್ಲ ಸುರಿದು ಸಾಲಗಾರನಾದ. 1680ರ ಅಕ್ಟೋಬರಿನಲ್ಲಿ ತೀರಿಕೊಂಡ. ಕಾಲುವೆ ಉದ್ಘಾಟನೆಯಾದದ್ದು 1681ರ ಮೇ ತಿಂಗಳಲ್ಲಿ.

ಇಂದಿನ ದೋಣಿವಾಸಿಗಳ ಲೆಕ್ಕಾಚಾರಕ್ಕೆ ಕಾಗದದ ಅಡ್ಡಿಯೂ ಉಂಟು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದು, 2021ರ ಜನವರಿಯಿಂದ ಹೊಸ ನಿಯಮ ಜಾರಿಯಾಯಿತು. ದೀರ್ಘ ವೀಸಾ ಇಲ್ಲದ ಬ್ರಿಟಿಷರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ನಿಧಾನವಾಗಿ ಹೋಗಲೆಂದೇ ದೋಣಿ ಕೊಂಡವರು ಈಗ ಕ್ಯಾಲೆಂಡರ್ ನೋಡಿಕೊಂಡು ಸಾಗಬೇಕು.

ಈ ನಿಧಾನ ಯಾರಿಗೆ ನಿಜವಾಗಿ ಬೇಕು ಎಂಬುದನ್ನು ತೋರಿಸಿಕೊಟ್ಟ ಜೋಡಿಯೊಂದಿತ್ತು. ಟಿಮೊತಿ ವೆಸ್ಟ್ ಮತ್ತು ಪ್ರುನೆಲ್ಲಾ ಸ್ಕೇಲ್ಸ್ ಇಬ್ಬರೂ ಹೆಸರಾಂತ ನಟರು, 1963ರಲ್ಲಿ ಮದುವೆಯಾದವರು. ‘ಫಾಲ್ಟಿ ಟವರ್ಸ್’ ನೋಡಿದವರಿಗೆ ಆ ಗಟ್ಟಿ ಬಾಯಿಯ ಸಿಬಿಲ್ ನೆನಪಿರಬೇಕು, ಆಕೆಯೇ ಪ್ರುನೆಲ್ಲಾ. 2014ರಲ್ಲಿ ಬ್ರಿಟನ್ನಿನ ಚಾನೆಲ್ ಫೋರ್‌ನಲ್ಲಿ ಇವರ ಕಾಲುವೆ ಪಯಣಗಳ ಸರಣಿ ಶುರುವಾದಾಗ ಇಬ್ಬರಿಗೂ ಎಂಬತ್ತರ ಆಸುಪಾಸು. ಪ್ರುನೆಲ್ಲಾಗೆ ಮರೆವಿನ ಕಾಯಿಲೆ ಹಿಡಿದಿತ್ತು. ಅದನ್ನವರು ಮುಚ್ಚಿಡಲಿಲ್ಲ. ಮಿದಿ ಕಾಲುವೆಗೂ ಇಬ್ಬರೂ ಬಂದರು. ನಡಿಗೆಯ ವೇಗದಲ್ಲಿ ದಂಡೆ ಸರಿಯುವಾಗ ಹಿಂದಿನ ತಿರುವಿನಲ್ಲಿ ಏನಿತ್ತೆಂದು ನೆನಪಿಡಬೇಕಾಗಿಲ್ಲ. ಎದುರಿಗೆ ಬಾತುಕೋಳಿ, ಸೇತುವೆಯ ಕಮಾನು, ಆಮೇಲೆ ಇನ್ನೊಂದು ಲಾಕ್, ಅಷ್ಟು ಸಾಕು. ಆಕೆಯ ಮುಖದಲ್ಲಿ ಕಾಣುತ್ತಿದ್ದ ಸಂತೋಷ ನಟನೆಯದೆಂದು ನನಗಂತೂ ಅನಿಸಲಿಲ್ಲ. ಟಿಮೊತಿ 2024ರ ನವೆಂಬರಿನಲ್ಲಿ, ಪ್ರುನೆಲ್ಲಾ 2025ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಅವರ ಪಯಣಕ್ಕೆ ನೆರಳು ಕೊಟ್ಟ ಮರಗಳಿಗೂ ಈಗ ಕೇಡುಗಾಲ. ಕಾಲುವೆಯ ಎರಡೂ ದಂಡೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಾಲಾಗಿ ನೆಟ್ಟ ಪ್ಲೇನ್ ಮರಗಳು ಸುಮಾರು 42 ಸಾವಿರ. ಬೇಸಿಗೆಯಲ್ಲಿ ಹಸಿರು ಸುರಂಗದೊಳಗೆ ತೇಲಿದ ಹಾಗೆ. ಬೇರುಗಳು ದಂಡೆಯ ಮಣ್ಣನ್ನೂ ಹಿಡಿದಿಡುತ್ತವೆ. 2006ರಲ್ಲಿ ಕಾರ್ಕಸೋನ್ ಹತ್ತಿರ ಈ ಮರಗಳಲ್ಲಿ ಒಂದು ಶಿಲೀಂಧ್ರ ಪತ್ತೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮದ್ದುಗುಂಡಿನ ಮರದ ಪೆಟ್ಟಿಗೆಗಳೊಡನೆ ಅದು ಯೂರೋಪಿಗೆ ಬಂತೆಂದು ತಜ್ಞರ ಅಂದಾಜು. ತಗುಲಿದ ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ, ಮದ್ದಿಲ್ಲ. ಕಡಿದು ಸುಡುವುದೊಂದೇ ದಾರಿ. ಅರ್ಧಕ್ಕಿಂತ ಹೆಚ್ಚು ಮರಗಳನ್ನು ಆಗಲೇ ಕಡಿದಾಗಿದೆ. ಕೆಲವು ಕಡೆ ಕಾಲುವೆ ಈಗ ಬಟ್ಟಬಯಲಿನ ಚರಂಡಿಯಂತೆ ಕಾಣುತ್ತದೆ.

ರೋಗ ಹಬ್ಬುವುದು ಬೇರಿನಿಂದ ಬೇರಿಗೆ, ನೀರಿನಲ್ಲಿ, ಮತ್ತು ಗಾಯಗಳ ಮೂಲಕ. ಆ ಗಾಯ ಮಾಡುವುದರಲ್ಲಿ ದೋಣಿಗಳಿಗೂ ಪಾಲಿದೆ. ಬೇರಿಗೆ ಉಜ್ಜುವ ದೋಣಿಯ ಅಂಚು, ಕಾಂಡಕ್ಕೆ ಬಿಗಿದ ಹಗ್ಗ. ಯಾರಿಗೂ ಕೇಡು ಬಯಸದೆ ಗಂಟೆಗೆ ಆರು ಕಿಲೋಮೀಟರ್ ಸಾಗುವ ಮುದುಕರ ದೋಣಿಗಳೇ!

ಕಡಿದ ಜಾಗದಲ್ಲಿ ಹೆಚ್ಚಾಗಿ ಟರ್ಕಿ ಓಕ್ ಸಸಿಗಳನ್ನು ನೆಡುತ್ತಿದ್ದಾರೆ, ಜೊತೆಗೆ ಬೇರೆ ಜಾತಿಯವೂ ಇವೆ. ಅವು ನೆರಳು ಕೊಡುವ ಕಾಲಕ್ಕೆ ಈಗಿನ ದೋಣಿವಾಸಿಗಳು ಯಾರೂ ಇರುವುದಿಲ್ಲ. ಮರಕ್ಕೆ ಹಗ್ಗ ಕಟ್ಟುವುದನ್ನು ನಿಷೇಧಿಸಿದ್ದಾರೆ. ಹಾಗಾಗಿ ಪ್ರತಿ ದೋಣಿಯಲ್ಲೂ ಎರಡು ಕಬ್ಬಿಣದ ಗೂಟ ಮತ್ತು ಒಂದು ಸುತ್ತಿಗೆ. ಸಂಜೆ ಬಿಸಿಲು ಇಳಿದ ಮೇಲೆ ದಂಡೆಯ ಮೇಲೆ ಟಣ್ ಟಣ್ ಸದ್ದು ಕೇಳಿಸುತ್ತದೆ: ಒಬ್ಬರು ಬಗ್ಗಿ ಗೂಟ ಹಿಡಿದಿರುತ್ತಾರೆ, ಇನ್ನೊಬ್ಬರು ಹೊಡೆಯುತ್ತಾರೆ.